ಕರಿಚಿರತೆ ಹುಟ್ಟಿದ ಕೇರಿ

ಪ್ಯಾಂಥರ್ ಅಂದ ಕೂಡಲೆ ನಮಗೆ ನೆನಪಾಗೋದು 1972ರ ಮುಂಬಯಿ, ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮುಂತಾದವರು ಕಟ್ಟಿದ ದಲಿತ್ ಪ್ಯಾಂಥರ್ಸ್. ಆ ಹೆಸರು ಬಂದದ್ದು ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ 1966ರ ಅಕ್ಟೋಬರಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಇಷ್ಟು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಓಕ್‌ಲ್ಯಾಂಡಿನವರೂ ಆ ಚಿರತೆಯನ್ನು ಬೇರೆಯವರಿಂದಲೇ ತಂದುಕೊಂಡರು. ಅಲಬಾಮಾ ರಾಜ್ಯದ ಹತ್ತಿ ಹೊಲಗಳ ಕೂಲಿಜನಕ್ಕೆ ಅದು ಬರೀ ಒಂದು ಓಟಿನ ಗುರುತಾಗಿತ್ತು. ಬಂದೂಕು ಹಿಡಿದ ಪಟಗಳನ್ನು ನೋಡಿ ರೋಮಾಂಚನಗೊಂಡ ನಾವು ಈ ಓಟಿನ ಕತೆ ಹೇಳ್ಕೊಂಡಿದ್ದು ಕಮ್ಮಿ.

ಲೌಂಡ್ಸ್ ಅನ್ನೋದು ಒಂದು ಕೌಂಟಿ, ನಮ್ಮ ತಾಲ್ಲೂಕು ಇದ್ದ ಹಾಗೆ. ಆಗ ಅಲ್ಲಿನ ಜನದಲ್ಲಿ ನೂರಕ್ಕೆ 80 ಪಾಲು ಕಪ್ಪುಜನರಿದ್ದರು. ಜಮೀನಿನ ಬಹುಪಾಲು ನೂರರೊಳಗಿನ ಬಿಳಿ ಮನೆತನಗಳ ಕೈಲಿತ್ತು. ಓಟಿನ ವಯಸ್ಸಿಗೆ ಬಂದ ಕಪ್ಪುಜನ 5,000ಕ್ಕೂ ಹೆಚ್ಚಿದ್ದರೂ 1965ರ ಫೆಬ್ರವರಿವರೆಗೆ ಪಟ್ಟಿಯಲ್ಲಿದ್ದ ಅವರ ಹೆಸರು ಒಂದೂ ಇಲ್ಲ. ಬಿಳಿಯರದು ನೂರಕ್ಕೆ 118! ಸತ್ತವರು, ಊರು ಬಿಟ್ಟವರು ಕೂಡ ಪಟ್ಟಿಯಲ್ಲಿ ಬದುಕಿದ್ದರು ಅಂತ ಕಾಣುತ್ತೆ.

1965ರ ಮಾರ್ಚ್ 1ರಂದು 39 ಮಂದಿ ಕಪ್ಪುಜನ ಹೆಸರು ಬರೆಸ್ತೀವಿ ಅಂತ ಹೇನ್‌ವಿಲ್ ಕೋರ್ಟಿಗೆ ಹೋದರು. ಅವರನ್ನು ವಾಪಸ್ ಕಳಿಸಿದರು. ಇವರು ಮತ್ತೆ ಹೋದರು. ಆ ತಿಂಗಳಲ್ಲಿ ಇಬ್ಬರ ಹೆಸರು ಸೇರಿತು, ಅದರಲ್ಲೊಬ್ಬ ಜಾನ್ ಹ್ಯೂಲೆಟ್. ಇದನ್ನು ಒತ್ತಿ ಹೇಳಬೇಕು. ಹೊರಗಿನ ನಾಯಕರು ಬರೋಕೆ ಮುಂಚೇನೇ ನೆರೆಹೊರೆಯವರು ಒಬ್ಬರನ್ನೊಬ್ಬರು ಕರಕೊಂಡು ಹೊರಟಿದ್ದರು.

ಅದೇ ತಿಂಗಳು ಮಾರ್ಟಿನ್ ಲೂಥರ್ ಕಿಂಗರ ಸೆಲ್ಮಾ–ಮಾಂಟ್‌ಗಮರಿ ಮೆರವಣಿಗೆ ಈ ಕೌಂಟಿಯನ್ನು ಹಾದುಹೋಯಿತು. ಮೆರವಣಿಗೆ ಹಾದುಹೋಗುತ್ತೆ, ಜನ ಅಲ್ಲೇ ಉಳೀತಾರೆ. ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ, ಅಂದರೆ 'ಸ್ನಿಕ್'ನ, ಸ್ಟೋಕ್ಲಿ ಕಾರ್‌ಮೈಕಲ್‌ಗೆ ಇದು ಗೊತ್ತಿತ್ತು. ಮೆರವಣಿಗೆ ನೋಡೋಕೆ ರಸ್ತೆಬದಿ ಬಂದು ನಿಂತವರ ಹೆಸರು, ಊರು ಬರಕೊಂಡ. ಮೆರವಣಿಗೆ ಮುಗಿದ ಮೇಲೆ ಗೆಳೆಯರೊಂದಿಗೆ ಆ ಮನೆಗಳನ್ನೇ ಹುಡುಕಿಕೊಂಡು ಬಂದ.

ಬಂದವರು ವೇದಿಕೆ ಹಾಕಲಿಲ್ಲ. ಸ್ವಂತ ಜಮೀನಿದ್ದ ಕಪ್ಪು ರೈತನೊಬ್ಬ ಕೊಟ್ಟ ಮನೆಯಲ್ಲಿ ಬೀಡುಬಿಟ್ಟರು. ಮಣ್ಣುದಾರಿ ಹಿಡಿದು ಮನೆಮನೆಗೆ ನಡೆದರು. ಶಾಲೆ ಮುಂದೆ ಮಕ್ಕಳಿಗೆ ಕರಪತ್ರ ಕೊಟ್ಟರು, ಮಕ್ಕಳು ಅದನ್ನು ಮನೆಗೆ ಮುಟ್ಟಿಸಿದರು. ಭಾನುವಾರದ ಸಭೆ ಒಂದು ವಾರ ಈ ಚರ್ಚಿನಲ್ಲಿ, ಇನ್ನೊಂದು ವಾರ ಆ ಚರ್ಚಿನಲ್ಲಿ. ಆದರೆ ಹೊರಗಿನ ಹುಡುಗ ಎಷ್ಟು ಚೆನ್ನಾಗಿ ಮಾತಾಡಿದರೂ ಭಯ ಹೋಗೋದಿಲ್ಲ. ಒಡೆಯನ ಜಮೀನಲ್ಲೇ ಉಳೋನು, ಒಡೆಯನ ಗುಡಿಸಲಲ್ಲೇ ಮಲಗೋನು ಯಾರನ್ನು ನಂಬ್ತಾನೆ? ಕೋರ್ಟಿಗೆ ಹೋಗಿ ಜೀವಂತ ವಾಪಸ್ ಬಂದ ಪಕ್ಕದ ಮನೆಯವನನ್ನು. 'ನಾನು ಹೋಗಿಬಂದೆ, ನಾಳೆ ನಿನ್ ಜೊತೆ ನಾನೂ ಬರ್ತೀನಿ' ಅನ್ನೋ ಮಾತಿಗಿದ್ದ ತೂಕ ಯಾವ ಭಾಷಣಕ್ಕೂ ಇರಲಿಲ್ಲ ಅಂತ ನಮ್ಮ ಅನಿಸಿಕೆ.

ಭಯವೇನೂ ಸುಳ್ಳಲ್ಲ. ಮಾರ್ಚ್ 25ರ ರಾತ್ರಿ ಈ ಕೌಂಟಿಯ ರಸ್ತೆಯಲ್ಲೇ ವಯೋಲಾ ಲಿಯುಜೊ ಎಂಬ ಬಿಳಿ ಹೆಂಗಸನ್ನು ಕೊಂದರು. ಆಗಸ್ಟ್ 20ರಂದು ಜೊನಾಥನ್ ಡೇನಿಯಲ್ಸ್‌ನನ್ನು ಕೊಂದರು. ಕೊಂದವನನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಟ್ಟುಬಿಟ್ಟಿತು. ಆಗಸ್ಟಿನಲ್ಲಿ ಮತದಾನ ಹಕ್ಕಿನ ಕಾನೂನು ಬಂದು ಕೇಂದ್ರದ ಅಧಿಕಾರಿಗಳೇ ಹೆಸರು ಬರಕೊಳ್ಳೋಕೆ ಕೂತ ಮೇಲೆ ಒಡೆಯರು ಬೇರೆ ದಾರಿ ಹಿಡಿದರು. ಹೆಸರು ಬರೆಸಿದ ಗೇಣಿ ಒಕ್ಕಲುಗಳನ್ನು ಎಬ್ಬಿಸಿ ಆಚೆ ಹಾಕಿದರು. ಆ ಸಂಸಾರಗಳು ಹೆದ್ದಾರಿ ಪಕ್ಕದಲ್ಲಿ ಡೇರೆ ಹಾಕಿಕೊಂಡವು. ಡೇರೆಗಳ ಮೇಲೂ ಗುಂಡು ಹಾರಿಸಿದರು. ಬಹಿಷ್ಕಾರ ಅನ್ನೋದನ್ನ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಓಟು ಬಂತು, ಹಾಕೋದು ಯಾರಿಗೆ? ಅಲಬಾಮಾದ ಡೆಮೊಕ್ರಾಟ್ ಪಕ್ಷದ ಗುರುತು ಬಿಳಿ ಹುಂಜ, ಅದರ ಮೇಲೆ ಬಿಳಿಯರ ಮೇಲುಗಾರಿಕೆಯ ಘೋಷಣೆ. ಕೌಂಟಿಯ ಆ ಪಕ್ಷ ಉಮೇದುವಾರಿಕೆ ಶುಲ್ಕವನ್ನು 50 ಡಾಲರಿನಿಂದ 500ಕ್ಕೆ ಏರಿಸಿತು. ಹಾಗಾಗಿ ಇವರು ತಮ್ಮದೇ ಪಕ್ಷ ಕಟ್ಟಿದರು. ಓದುಬಾರದವರಿಗಾಗಿ ಪಕ್ಷಕ್ಕೊಂದು ಗುರುತಿರಬೇಕು ಅಂತ ಅಲ್ಲಿಯೂ ಕಾನೂನಿತ್ತು. ನಮ್ಮ ಮೊದಲ ಮಹಾಚುನಾವಣೆಯಲ್ಲಿ ಬಾಬಾಸಾಹೇಬರ ಪರಿಶಿಷ್ಟ ಜಾತಿಗಳ ಒಕ್ಕೂಟಕ್ಕೆ ಆನೆ ಇತ್ತಲ್ಲ, ಹಾಗೆ ಇವರಿಗೆ ಕರಿಚಿರತೆ. ಷರೀಫ್ ಅಂದರೆ ಯಾರು, ತೆರಿಗೆ ಕಟ್ಟುವವನಿಗೆ ಯಾವ ಅಧಿಕಾರಿಯಿಂದ ಏನಾಗುತ್ತೆ ಅನ್ನೋದನ್ನ ಚಿತ್ರದ ಪುಸ್ತಿಕೆ ಮಾಡಿ ಹಂಚಿದರು. 1966ರ ಮೇ 3ರಂದು ಹೇನ್‌ವಿಲ್‌ನ ಚರ್ಚಿನ ಬಳಿ ಸುಮಾರು 900 ಜನ ಸೇರಿ ತಮ್ಮ ಉಮೇದುವಾರರನ್ನು ತಾವೇ ಆರಿಸಿದರು.

ನವೆಂಬರ್ 8ರಂದು ಏಳು ಜನವೂ ಸೋತರು. ಒಡೆಯರು ತಮ್ಮ ಆಳುಗಳನ್ನು ಲಾರಿಯಲ್ಲಿ ತಂದು ಹುಂಜಕ್ಕೆ ಹಾಕಿಸಿದ್ದರು. ಆ ಆಳುಗಳನ್ನು ದ್ರೋಹಿಗಳು ಅನ್ನೋಕೆ ನಮಗೆ ಬಾಯಿ ಬರೋದಿಲ್ಲ; ಹೆದ್ದಾರಿ ಪಕ್ಕದ ಡೇರೆಗಳನ್ನು ಅವರೂ ಕಂಡಿದ್ದರು. ಪಕ್ಷಕ್ಕೆ ಕಾನೂನಿನ ಮಾನ್ಯತೆ ಸಿಗೋಕೆ ನೂರಕ್ಕೆ 20 ಓಟು ಸಾಕಿತ್ತು, ಬಂದದ್ದು 40ರ ಆಸುಪಾಸು. ಸ್ನಿಕ್‌ನವರು ಹೊರಟುಹೋದರು. ಕಾರ್‌ಮೈಕಲ್ ಲೋಕಪ್ರಸಿದ್ಧನಾದ. ಊರಿನವರು ಊರಲ್ಲೇ ಉಳಿದು ಕೆಲಸ ಮುಂದುವರಿಸಿದರು. 1970ರಲ್ಲಿ ಜಾನ್ ಹ್ಯೂಲೆಟ್ ಷರೀಫನಾಗಿ ಗೆದ್ದು 20 ವರ್ಷಕ್ಕೂ ಮೇಲ್ಪಟ್ಟು ಅದೇ ಹುದ್ದೆಯಲ್ಲಿದ್ದ. ಅಷ್ಟಾದರೂ ಕೌಂಟಿಯ ಬಡತನ ಹೋಗಲಿಲ್ಲ. ಅಲ್ಲಿನ ಎಷ್ಟೋ ಕಪ್ಪುಜನರ ಮನೆ ಹಿತ್ತಲಲ್ಲಿ ಕೊಚ್ಚೆ ನಿಲ್ಲೋದನ್ನ ತಪ್ಪಿಸೋಕೆ 2023ರಲ್ಲಿ ಆದ ಒಪ್ಪಂದವನ್ನು 2025ರಲ್ಲಿ ಕೇಂದ್ರ ಸರ್ಕಾರ ಕೈಬಿಟ್ಟಿತು.