ಫ್ಲೋರಿಡಾದ ಅಂತರ್ಜಾಲ ಶಾಲೆ ಮತ್ತು ಅನುದಾನದ ಶಾಸನಗಳು

ಸಾರ್ವಜನಿಕ ಶಾಲೆಗೆ ಸರ್ಕಾರ ನೀಡುವ ಹಣವನ್ನು ಯಾವ ಮಾನದಿಂದ ಅಳೆಯಬೇಕು? ತರಗತಿಯಲ್ಲಿ ಕುಳಿತ ಅವಧಿಯೇ ಬಹುಕಾಲ ಆ ಮಾನವಾಗಿತ್ತು. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಅದು ಪಲ್ಲಟಗೊಂಡ ಬಗೆ ಗಮನಾರ್ಹವಾದುದು.

ಆರೆಂಜ್ ಮತ್ತು ಅಲಾಚುವಾ ಕೌಂಟಿಗಳ ಪ್ರಾಯೋಗಿಕ ಯೋಜನೆಯಾಗಿ 1997ರಲ್ಲಿ ಆರಂಭವಾದ ಫ್ಲೋರಿಡಾ ವರ್ಚುವಲ್ ಸ್ಕೂಲ್, 2000ದಲ್ಲಿ ಶಾಸನದ ಮೂಲಕ ಸ್ವತಂತ್ರ ಸಂಸ್ಥೆಯಾಯಿತು. 2003ರ ಶಾಸನವು ಅದನ್ನು ರಾಜ್ಯದ ಸಾಮಾನ್ಯ ಶಾಲಾ ಅನುದಾನ ಸೂತ್ರದೊಳಕ್ಕೆ ತಂದಿತು. ವಿದ್ಯಾರ್ಥಿಯು ಪಠ್ಯವಿಷಯವನ್ನು ಯಶಸ್ವಿಯಾಗಿ ಪೂರೈಸಿದರೆ ಮಾತ್ರ ಹಣ ಎಂಬುದು ಅದರ ತಿರುಳು. ಬೇಡಿಕೆಗೆ ತಕ್ಕಂತೆ ಬೆಳೆಯಲು ಶಾಲೆಗೆ ಇದು ಅವಕಾಶ ಕಲ್ಪಿಸಿತಾದರೂ, ನಡುವೆಯೇ ಬಿಟ್ಟವರಿಗೆ ಬೋಧಿಸಿದ ವೆಚ್ಚವನ್ನು ಅದರ ಮೇಲೆಯೇ ಹೊರಿಸಿತು.

2013ರ ತಿದ್ದುಪಡಿಯು ಒಬ್ಬ ವಿದ್ಯಾರ್ಥಿಯ ಅನುದಾನವನ್ನು ಒಂದು ಪೂರ್ಣ ಪಾಲಿಗೆ ಮಿತಿಗೊಳಿಸಿ, ಅದನ್ನು ಕೌಂಟಿಯ ಶಾಲೆಗೂ ಅಂತರ್ಜಾಲ ಶಾಲೆಗೂ ಹಂಚಿತು. ಹೀಗಾಗಿ ವಿದ್ಯಾರ್ಥಿಯೊಬ್ಬ ಒಂದು ಹೆಚ್ಚುವರಿ ವಿಷಯವನ್ನು ಅಂತರ್ಜಾಲದಲ್ಲಿ ಆಯ್ದರೆ ಅವನ ಊರ ಶಾಲೆಯ ಪಾಲು ತಗ್ಗತೊಡಗಿತು. ಅದೇ ವರ್ಷ ವರ್ಚುವಲ್ ಸ್ಕೂಲ್ ಸಿಬ್ಬಂದಿಯನ್ನು ಕಡಿತಗೊಳಿಸಬೇಕಾಯಿತು.

ಅನುದಾನದ ಸೂತ್ರವು ಲೆಕ್ಕಪತ್ರದ ವಿಷಯವೆಂದು ತೋರಬಹುದು. ಆದರೆ ತನ್ನ ಶಾಲೆಯಲ್ಲಿಲ್ಲದ ವಿಷಯವನ್ನು ಕಲಿಯಬಯಸುವ ವಿದ್ಯಾರ್ಥಿಗೆ ಬಾಗಿಲು ತೆರೆಯುವುದೂ ಮುಚ್ಚುವುದೂ ಅದೇ ಎಂಬುದನ್ನು ಈ ಇತಿಹಾಸವು ಸ್ಪಷ್ಟಪಡಿಸುತ್ತದೆ.