ಮೂಲೆ ಟೇಬಲ್ಲಿನವರ ಕಥೆ: ಸ್ಟಾರ್ ವಾರ್ಸ್ ಕಥಾಸಂಕಲನಗಳು ಹುಟ್ಟಿದ್ದು ಹೇಗೆ?

ಸ್ಟಾರ್ ವಾರ್ಸ್ ಅಂದ ತಕ್ಷಣ ಲ್ಯೂಕ್, ಲೇಯಾ, ಡಾರ್ಥ್ ವೇಡರ್ ನೆನಪಾಗ್ತಾರೆ. ಇವತ್ತು ಅವರ ವಿಷಯ ಬೇಡ. 1977ರ ಮೊದಲ ಸಿನಿಮಾದಲ್ಲಿ ಮಾಸ್ ಐಸ್ಲಿ ಅನ್ನೋ ಊರಿನ ಬಾರ್ ದೃಶ್ಯ ಇದೆಯಲ್ಲ, ಅಲ್ಲಿ ಮೂಲೆಯಲ್ಲಿ ಕೂತು ಕುಡಿಯುತ್ತಿದ್ದ ವಿಚಿತ್ರ ಮುಖದವರ ಬಗ್ಗೆ ಮಾತಾಡೋಣ. ಅವರಲ್ಲಿ ಅನೇಕರು ತೆರೆ ಮೇಲಿರೋದು ಕೆಲವೇ ಸೆಕೆಂಡು. ಆದರೆ ಅವರಿಗಾಗಿಯೇ ಒಂದು ಪುಸ್ತಕ ಬಂತು, ಆಮೇಲೆ ಪುಸ್ತಕಗಳ ಸಾಲೇ ಬಂತು.

ಮೊದಲು ಹೆಸರಿನ ಕಥೆ. ಸಿನಿಮಾದಲ್ಲಿ ಇವರಲ್ಲಿ ಹೆಚ್ಚಿನವರನ್ನು ಯಾರೂ ಹೆಸರು ಹಿಡಿದು ಕರೆಯೋದಿಲ್ಲ. ಕೆನರ್ ಕಂಪನಿ ಗೊಂಬೆ ಮಾಡಿ ಮಾರುವಾಗ ಮುಖ ನೋಡಿ ಹೆಸರಿಟ್ಟಿತು. ಸುತ್ತಿಗೆಯಂಥ ತಲೆಯವನು ಹ್ಯಾಮರ್‌ಹೆಡ್, ಕೋರೆಹಲ್ಲಿನವನು ವಾಲ್ರಸ್ ಮ್ಯಾನ್. 80ರ ದಶಕದ ಕೊನೆಯಲ್ಲಿ ವೆಸ್ಟ್ ಎಂಡ್ ಗೇಮ್ಸ್‌ನವರು ತಮ್ಮ ರೋಲ್‌ಪ್ಲೇಯಿಂಗ್ ಆಟದ ಪುಸ್ತಕಗಳಲ್ಲಿ ಇವರಿಗೆ ಸರಿಯಾದ ಹೆಸರು ಕೊಟ್ಟರು: ಮೊಮಾವ್ ನೇಡನ್, ಪೊಂಡಾ ಬಾಬಾ. ಅಂದ್ರೆ ಅಡ್ಡಹೆಸರು ಕೊಟ್ಟಿದ್ದು ಆಟಿಕೆ, ಹೆಸರು ಕೊಟ್ಟಿದ್ದು ಆಟ. ಬದುಕು ಕೊಡೋ ಕೆಲಸ ಮಾತ್ರ ಬಾಕಿ ಇತ್ತು.

1991ರಲ್ಲಿ ಟಿಮೊಥಿ ಜಾನ್ ಬರೆದ 'ಹೇರ್ ಟು ದಿ ಎಂಪೈರ್' ಭರ್ಜರಿಯಾಗಿ ಮಾರಾಟವಾಯ್ತು. ಸ್ಟಾರ್ ವಾರ್ಸ್ ಪುಸ್ತಕಗಳಿಗೆ ದೊಡ್ಡ ಓದುಗ ಬಳಗ ಇದೆ ಅಂತ ಪ್ರಕಾಶಕರಿಗೆ ಗೊತ್ತಾಯ್ತು. 1995ರಲ್ಲಿ ಕೆವಿನ್ ಜೆ. ಆಂಡರ್ಸನ್ ಸಂಪಾದಿಸಿದ 'ಟೇಲ್ಸ್ ಫ್ರಮ್ ದ ಮಾಸ್ ಐಸ್ಲಿ ಕ್ಯಾಂಟೀನಾ' ಬಂತು. ಒಟ್ಟು 16 ಕಥೆ. ಹ್ಯಾಮರ್‌ಹೆಡ್ ಇಲ್ಲಿ ತನ್ನ ಊರಿಂದ ಗಡೀಪಾರಾಗಿ, ಮರುಭೂಮಿಯಲ್ಲಿ ಗುಟ್ಟಾಗಿ ತೋಟ ಬೆಳೆಸುತ್ತಿರುವ ಪುರೋಹಿತ. ಈ ಕಥೆ ಓದಿದ ಮೇಲೆ ಸಿನಿಮಾ ನೋಡಿದರೆ ಆ ಮುಖ ಬರೀ ರಬ್ಬರ್ ಮುಖವಾಡವಾಗಿ ಕಾಣೋದಿಲ್ಲ.

ಪುಸ್ತಕ ಗೆದ್ದಿತು, ಸರಣಿ ಮುಂದುವರಿಯಿತು. ಜಬ್ಬಾನ ಅರಮನೆಯವರ ಮೇಲೊಂದು ಸಂಕಲನ, 1996ರಲ್ಲಿ ಬೌಂಟಿ ಹಂಟರ್‌ಗಳ ಮೇಲೆ ಇನ್ನೊಂದು. ಅದರಲ್ಲಿ ಐಜಿ-88 ಅನ್ನೋ ರೋಬೋ ಕಥೆ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು: ಅದು ತನ್ನನ್ನೇ ಎರಡನೇ ಡೆತ್ ಸ್ಟಾರ್‌ನ ಕಂಪ್ಯೂಟರಿಗೆ ಅಪ್‌ಲೋಡ್ ಮಾಡಿಕೊಳ್ಳುತ್ತೆ!

ಆದರೆ ಕೊಟ್ಟ ಬದುಕನ್ನು ವಾಪಸ್ ತಗೊಳ್ಳೋ ಅಧಿಕಾರವೂ ಒಂದು ಇರುತ್ತೆ. ಬಾರ್‌ನಲ್ಲಿ ತೋಳದ ಮುಖದವನೊಬ್ಬನಿದ್ದ. 1995ರ ಸಂಕಲನದ ಕೊನೆಯಲ್ಲಿ ಅವನಿಗೊಂದು ಪ್ರೇಮಕಥೆ ಸಿಕ್ಕಿತ್ತು. ಎರಡೇ ವರ್ಷ. 1997ರಲ್ಲಿ ಜಾರ್ಜ್ ಲ್ಯೂಕಸ್ ಸಿನಿಮಾದ ಸ್ಪೆಷಲ್ ಎಡಿಷನ್ ತಂದಾಗ ಆ ಮುಖ ತೆಗೆದು ಬೇರೆ ಜೀವಿಯನ್ನು ಹಾಕಿದರು. ಕಥೆ ಉಳಿಯಿತು, ಕಥಾನಾಯಕ ಸಿನಿಮಾದಿಂದ ಮಾಯ.

ದೊಡ್ಡ ಪೆಟ್ಟು ಬಿದ್ದಿದ್ದು 2014ರ ಏಪ್ರಿಲ್‌ನಲ್ಲಿ. ಡಿಸ್ನಿ ಕೈಗೆ ಬಂದಿದ್ದ ಲ್ಯೂಕಸ್‌ಫಿಲ್ಮ್, ಹಳೆಯ ಕಾದಂಬರಿ, ಕಥೆಗಳೆಲ್ಲ ಇನ್ನು 'ಲೆಜೆಂಡ್ಸ್' ಅಂತ ಘೋಷಿಸಿತು. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ ಡೆಪ್ರಿಕೇಟ್ ಮಾಡಿದರು: ಹಳೇದು ಅಂಗಡಿಯಲ್ಲಿ ಸಿಗುತ್ತೆ, ಆದರೆ ಹೊಸ ಕಥೆ ಅದಕ್ಕೆ ಬದ್ಧವಾಗಿರಬೇಕಿಲ್ಲ. ಹೊಸ ಸಿನಿಮಾ ಮಾಡೋರಿಗೆ ಜಾಗ ಬೇಕಿತ್ತು, ಅದು ನಿಜ. ಇಪ್ಪತ್ತು ವರ್ಷ ಓದಿ ಬೆಳೆದವರಿಗೆ ಹೊಟ್ಟೆ ಉರಿದಿದ್ದೂ ನಿಜ.

ಮಜಾ ಏನಂದ್ರೆ, ಮೂರು ವರ್ಷಕ್ಕೆ ಅದೇ ಐಡಿಯಾ ಮತ್ತೆ ಬಂತು. 2017ರಲ್ಲಿ ಮೊದಲ ಸಿನಿಮಾಕ್ಕೆ 40 ತುಂಬಿತು. 'ಫ್ರಮ್ ಎ ಸರ್ಟನ್ ಪಾಯಿಂಟ್ ಆಫ್ ವ್ಯೂ' ಸಂಕಲನದಲ್ಲಿ 40 ಕಥೆ. ಲೇಖಕರು ಸಂಭಾವನೆ ಬಿಟ್ಟುಕೊಟ್ಟರು, ಬಡ ಮಕ್ಕಳಿಗೆ ಪುಸ್ತಕ ತಲುಪಿಸುವ ಸಂಸ್ಥೆಗೆ ನೆರವು ಹೋಯಿತು. ನೆಡಿ ಒಕೊರಾಫೋರ್ ಕಸದ ಗುಂಡಿಯಲ್ಲಿರೋ ಪ್ರಾಣಿಯ ಕಣ್ಣಲ್ಲಿ ಕಥೆ ಹೇಳಿದರು. ಗ್ರೆಗ್ ರುಕಾ ಬರೆದಿದ್ದು ಯುದ್ಧವಿಮಾನಗಳನ್ನು ರಿಪೇರಿ ಮಾಡಿ ಕಳಿಸಿ, ಎಷ್ಟು ವಾಪಸ್ ಬರ್ತವೆ ಅಂತ ಕಾಯೋ ಗ್ರೌಂಡ್ ಕ್ರೂ ಮುಖ್ಯಸ್ಥೆಯ ಬಗ್ಗೆ. ರಾತ್ರಿ ರಿಲೀಸ್ ಮಾಡಿ ಸ್ಕ್ರೀನ್ ನೋಡ್ತಾ ಕೂತವರಿಗೆ ಆ ಕಾಯೋದು ಸ್ವಲ್ಪ ಅರ್ಥವಾಗುತ್ತೆ. ವ್ಯತ್ಯಾಸ ಇಷ್ಟೇ, ಅಲ್ಲಿ ಹೋಗೋದು ಜೀವ.

ಬಾರ್‌ನ ಮಾಲು ಸುರಿಯೋ ವೂಹರ್ ಎರಡೂ ಪುಸ್ತಕದಲ್ಲಿದ್ದಾನೆ. 1995ರಲ್ಲಿ ಜಬ್ಬಾ ಮೆಚ್ಚುವಂಥ ಮದ್ಯ ಭಟ್ಟಿ ಇಳಿಸೋ ಕನಸಿನವನು. 2017ರಲ್ಲಿ ಯುದ್ಧದಲ್ಲಿ ಡ್ರಾಯ್ಡ್‌ಗಳಿಂದ ನೊಂದವನು. ಅವುಗಳನ್ನು ಬಾರ್ ಒಳಗೆ ಯಾಕೆ ಬಿಡಲ್ಲ ಅನ್ನೋದಕ್ಕೆ ಅಲ್ಲಿ ಕಾರಣ ಸಿಗುತ್ತೆ. ಅಧಿಕೃತ ಯಾವುದು ಅಂದ್ರೆ ಎರಡನೆಯದು. ಆದರೆ ಓದಿದವರ ತಲೆಯಲ್ಲಿ ಇಬ್ಬರೂ ಇರ್ತಾರೆ. ಕುವೆಂಪು ಅವರ ಮಂಥರೆಯನ್ನು ಓದಿದ ಮೇಲೆ ವಾಲ್ಮೀಕಿಯ ಮಂಥರೆ ಅಳಿಸಿಹೋದಳೇ? ಇಲ್ಲವಲ್ಲ. ನಮಗೆ ಇದು ಹೊಸದೇನಲ್ಲ.

ಹಾಗಾಗಿ ನನ್ನ ಸಲಹೆ: 'ಲೆಜೆಂಡ್ಸ್' ಅಂತ ಮುದ್ರೆ ಬಿದ್ದಿದೆ ಅಂತ 1995ರ ಸಂಕಲನ ಬಿಡಬೇಡಿ. ಕಂಪನಿ ತೀರ್ಮಾನಿಸೋದು ಮುಂದಿನ ಸಿನಿಮಾ ಯಾವ ಕಥೆಗೆ ಬದ್ಧ ಅನ್ನೋದನ್ನ ಮಾತ್ರ. ಮೊದಲು ಹ್ಯಾಮರ್‌ಹೆಡ್ ಕಥೆ ಓದಿ, ಆಮೇಲೆ ಆ ಬಾರ್ ದೃಶ್ಯ ಹಾಕಿ ನೋಡಿ.