ಆರ್ಗನ್ ವಾದ್ಯವೂ ಅದರ ಸಂಗಾತಿ ವಾದ್ಯಗಳೂ

ಶತಮಾನೋತ್ಸವದ ಅಂಗವಾಗಿ ನಮ್ಮ ದೇವಾಲಯದಲ್ಲಿ ಆರ್ಗನ್, ಪಿಟೀಲು, ಕೊಳಲು, ಮೃದಂಗಗಳು ಕೂಡಿದ ಒಂದು ಸಂಗೀತ ಸಂಜೆಯನ್ನು ಏರ್ಪಡಿಸಬೇಕೆಂದು ನಿಶ್ಚಯವಾದ ಮರುದಿನವೇ ಧರ್ಮಕೇಂದ್ರದ ಹಿರಿಯರೊಬ್ಬರು ನಮ್ಮನ್ನು ಕಾಣಲು ಬಂದರು. "ಸ್ವಾಮಿಗಳೇ, ಆರ್ಗನ್ ಸರಿ, ಅದು ದೇವಾಲಯದ್ದೇ ವಾದ್ಯ. ಮಿಕ್ಕವು ಒಳಗೆ ಬರಬಹುದೇ?" ಎಂದು ಕೇಳಿದರು. ಅವರ ಮಾತಿನಲ್ಲಿ ಹಠವಿರಲಿಲ್ಲ. ಪವಿತ್ರವಾದುದೊಂದು ಕೈಜಾರಿ ಹೋದೀತೆಂಬ ಕಳವಳವಿತ್ತು. ಅಂದು ಒಂದೆರಡು ಮಾತಿನಲ್ಲಿ ಸಮಾಧಾನ ಹೇಳಿ ಕಳುಹಿಸಿದೆವು. ಅಷ್ಟು ಸಾಲದೆಂದು ತೋರಿದುದರಿಂದ ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಆ ಪ್ರಶ್ನೆಗೆ ಮೀಸಲಿಡುತ್ತಿದ್ದೇವೆ.

ಮೊದಲು ಹೇಳಬೇಕಾದುದು, ಆರ್ಗನ್ ಹುಟ್ಟಿನಿಂದ ದೇವಾಲಯದ ವಾದ್ಯವಲ್ಲ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದ ಕ್ಟೆಸಿಬಿಯಸ್ ಎಂಬ ಯಂತ್ರಶಿಲ್ಪಿ ನೀರಿನ ಒತ್ತಡದಿಂದ ಗಾಳಿಯನ್ನು ಹದಗೊಳಿಸಿ ಕೊಳವೆಗಳನ್ನು ನುಡಿಸುವ ಉಪಾಯವನ್ನು ಕಂಡುಹಿಡಿದನು. ರೋಮನರ ಕಾಲದಲ್ಲಿ ಈ ವಾದ್ಯ ಮೊಳಗುತ್ತಿದ್ದುದು ಮಲ್ಲರು ಕಾದಾಡಿ ಸಾಯುತ್ತಿದ್ದ ಅಖಾಡಗಳಲ್ಲಿ. ಆದಿಸಭೆಯ ಪಿತೃಗಳು ವಾದ್ಯಗಳನ್ನು ಶಂಕೆಯಿಂದ ನೋಡಿದುದರಲ್ಲಿ ಆಶ್ಚರ್ಯವಿಲ್ಲ. 757ರಲ್ಲಿ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯು ಫ್ರಾಂಕರ ಅರಸ ಪೆಪಿನನಿಗೆ ಒಂದು ಆರ್ಗನನ್ನು ಉಡುಗೊರೆಯಾಗಿ ಕಳುಹಿಸಿದನು. ಅದೂ ಅರಮನೆಯಿಂದ ಅರಮನೆಗೆ ಹೋದ ವಾದ್ಯವೇ. ಮುಂದಿನ ಶತಮಾನಗಳಲ್ಲಿ ಅದು ಮೆಲ್ಲಮೆಲ್ಲನೆ ಪಶ್ಚಿಮದ ಮಠಗಳನ್ನೂ ಪ್ರಧಾನಾಲಯಗಳನ್ನೂ ಸೇರಿತು. ಆಗಲೂ ರೋಮಿನ ಸಿಸ್ಟೈನ್ ದೇವಾಲಯದ ಗಾನವೃಂದ ಶತಮಾನಗಳ ಕಾಲ ಆರ್ಗನ್ ಇಲ್ಲದೆಯೇ ಹಾಡಿತು. ಇಂದು ಮನೆಯ ಹಿರಿಯನಂತೆ ಕುಳಿತಿರುವ ವಾದ್ಯವು ಒಂದು ಕಾಲಕ್ಕೆ ಬಾಗಿಲಾಚೆ ನಿಂತಿದ್ದ ಅತಿಥಿಯಾಗಿತ್ತು.

ಆರ್ಗನ್ ಇತರ ವಾದ್ಯಗಳನ್ನು ಕೂಡಿಕೊಂಡು ವೈಭವವಾಗಿ ಮೆರೆದ ಸ್ಥಳವೆಂದರೆ ವೆನಿಸ್ ನಗರದ ಸಂತ ಮಾರ್ಕರ ದೇವಾಲಯ. ಅಲ್ಲಿ ಎರಡು ಆರ್ಗನ್‌ಗಳು ಎದುರುಬದುರು ಅಟ್ಟಗಳ ಮೇಲಿದ್ದವು. 1568ರಲ್ಲಿ ಜಿರೊಲಮೊ ಡಲ್ಲಾ ಕಾಸಾ ಎಂಬ ವಾದ್ಯಗಾರನನ್ನು ನೇಮಿಸಿಕೊಂಡು ದೇವಾಲಯವು ತನ್ನದೇ ಆದ ಸ್ಥಿರ ವಾದ್ಯವೃಂದವನ್ನು ಕಟ್ಟಿಕೊಂಡಿತು. ಅವರ ಮುಖ್ಯ ವಾದ್ಯಗಳು ಟ್ರೊಂಬೋನ್ ಮತ್ತು ಕಾರ್ನೆಟ್ಟೊ. ಈ ಎರಡನೆಯದು ಚರ್ಮ ಹೊದಿಸಿದ ಮರದ ಕೊಳವೆ, ಬೆರಳಿಡಲು ರಂಧ್ರಗಳುಳ್ಳದ್ದು. ಮನುಷ್ಯಕಂಠಕ್ಕೆ ಇದರಷ್ಟು ಹತ್ತಿರದ ವಾದ್ಯವಿಲ್ಲವೆಂದು ಆ ಕಾಲದವರು ಮೆಚ್ಚಿದ್ದರು. 1585ರಿಂದ ಅಲ್ಲಿ ಆರ್ಗನ್ ನುಡಿಸಿದ ಜೊವಾನ್ನಿ ಗೇಬ್ರಿಯೇಲಿ 1597ರಲ್ಲಿ ತನ್ನ ಕೃತಿಗಳ ಸಂಪುಟವೊಂದನ್ನು ಅಚ್ಚು ಹಾಕಿಸಿದನು. ಅದರಲ್ಲಿನ ಒಂದು ಕೃತಿಯಲ್ಲಿ ಎಂಟು ವಾದ್ಯಗಳು ಎರಡು ತಂಡಗಳಾಗಿ ನಿಂತು ಒಂದಕ್ಕೊಂದು ಉತ್ತರ ಕೊಡುತ್ತವೆ. ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ ನುಡಿಸಬೇಕೆಂಬುದನ್ನೂ, ಯಾವ ಭಾಗ ಯಾವ ವಾದ್ಯದ್ದೆಂಬುದನ್ನೂ ಅಚ್ಚಿನಲ್ಲಿ ಸೂಚಿಸಿದ ಅತಿ ಮೊದಲಿನ ಕೃತಿಗಳಲ್ಲಿ ಅದೊಂದು.

ವೈಭವವಿದ್ದಲ್ಲಿ ಅತಿರೇಕವೂ ಬರುತ್ತದೆ. ನಾಟಕಶಾಲೆಯ ಸಂಗೀತವೇ ದೇವಾಲಯಕ್ಕೆ ನುಗ್ಗುತ್ತಿದೆಯೆಂಬ ದೂರುಗಳು ಹೆಚ್ಚಿದವು. 1750ರ ಜುಬಿಲಿ ವರ್ಷಕ್ಕೆ ರೋಮಿಗೆ ಬರುವ ಯಾತ್ರಿಕರು ಇದನ್ನು ಕಂಡು ಏನೆಂದುಕೊಂಡಾರೆಂದು ಯೋಚಿಸಿ, ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು 1749ರಲ್ಲಿ ತಮ್ಮ ಆಡಳಿತಕ್ಕೊಳಪಟ್ಟ ಪ್ರಾಂತ್ಯಗಳ ಧರ್ಮಾಧ್ಯಕ್ಷರುಗಳಿಗೆ ಒಂದು ವಿಶ್ವಪತ್ರವನ್ನು ಬರೆದರು. ಆರ್ಗನ್ನಿನ ಜೊತೆ ಪಿಟೀಲಿನ ಜಾತಿಯ ತಂತಿವಾದ್ಯಗಳಿರಲಿ, ನಗಾರಿ, ಬೇಟೆಯ ಕೊಂಬು, ಕಹಳೆಗಳು ಬೇಡ ಎಂಬುದು ಅದರ ತಾತ್ಪರ್ಯ. ಪಿಟೀಲು ದೇವಾಲಯಕ್ಕೆ ಹೊಸದೆಂದು ಭಾವಿಸುವವರು ಈ ಇಸವಿಯನ್ನು ನೆನಪಿಡಬೇಕೆಂದು ಬೇಡುತ್ತೇವೆ.

ಸಾಲ್ಜ್‌ಬರ್ಗಿನ ಪ್ರಧಾನಾಲಯದಲ್ಲಿ ತೊಡಕು ಬೇರೆಯಾಗಿತ್ತು. ಅಲ್ಲಿನ ಮಹಾಧರ್ಮಾಧ್ಯಕ್ಷ ಕೊಲ್ಲೊರೆಡೊ ಅವರಿಗೆ ದೀರ್ಘ ಪೂಜೆ ಒಗ್ಗುತ್ತಿರಲಿಲ್ಲ. ಅವರೇ ಅರ್ಪಿಸುವ ಮಹಾಪೂಜೆಯೂ ಮುಕ್ಕಾಲು ಗಂಟೆಯನ್ನು ಮೀರಕೂಡದೆಂಬ ಕಟ್ಟಳೆಯನ್ನು 1776ರ ಸೆಪ್ಟೆಂಬರಿನಲ್ಲಿ ಮೊಜಾರ್ಟ್ ತನ್ನ ಇಟಲಿಯ ಗುರು ಮಾರ್ತೀನಿ ಸ್ವಾಮಿಗಳಿಗೆ ಹೋದ ಪತ್ರದಲ್ಲಿ ತೋಡಿಕೊಂಡಿದ್ದಾನೆ. (ಪೂಜೆ ಬೇಗ ಮುಗಿಯಲೆಂದು ಹಾರೈಸುವವರು ನಮ್ಮ ಧರ್ಮಕೇಂದ್ರದಲ್ಲಿ ಮಾತ್ರ ಇರುವರೆಂದು ನಾವು ತಿಳಿದಿದ್ದೆವು.) ಪ್ರೇಷಿತರ ಪತ್ರದ ವಾಚನಕ್ಕೂ ಶುಭಸಂದೇಶಕ್ಕೂ ನಡುವೆ ದೊರಕುತ್ತಿದ್ದ ನಾಲ್ಕಾರು ನಿಮಿಷಗಳಿಗಾಗಿ ಮೊಜಾರ್ಟ್ 1772ರಿಂದ 1780ರವರೆಗೆ ಹದಿನೇಳು ಸೊನಾಟಾಗಳನ್ನು ರಚಿಸಿದನು. ಬಹುತೇಕ ಅವು ಎರಡು ಪಿಟೀಲು, ಒಂದು ಮಂದ್ರವಾದ್ಯ ಮತ್ತು ಆರ್ಗನ್ನಿಗೆ ಮಾತ್ರ. ಆರಂಭದವುಗಳಲ್ಲಿ ಆರ್ಗನ್ ಹಿಂದೆ ನಿಂತು ಸ್ವರದ ಆಸರೆ ಕೊಡುತ್ತದೆ, ಅಷ್ಟೇ. ಕೊನೆಕೊನೆಯವುಗಳಲ್ಲಿ ಅದೇ ಮುಂದೆ ಬಂದು ಮಾತಾಡತೊಡಗುತ್ತದೆ. ಒಂದೆರಡರಲ್ಲಿ ಕಹಳೆಯೂ ಇದೆ! 1783ರಲ್ಲಿ ಮಹಾಧರ್ಮಾಧ್ಯಕ್ಷರು ಈ ಪದ್ಧತಿಯನ್ನೇ ನಿಲ್ಲಿಸಿ, ಆ ಸ್ಥಾನದಲ್ಲಿ ಗಾನವೃಂದ ಹಾಡುವ ಕೃತಿಗಳನ್ನು ಮೈಕಲ್ ಹೈಡನನಿಂದ ಬರೆಸಿದರು. ಪೂಜೆಯಲ್ಲಿ ಪದಗಳಿಗೆ ಮೊದಲ ಸ್ಥಾನವೆಂಬ ಅವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೂ ಆ ಹದಿನೇಳು ಚಿಕ್ಕ ಕೃತಿಗಳು ಹದಿನೆಂಟಾಗದೆ ಉಳಿದವಲ್ಲಾ ಎಂಬ ಕೊರಗು ನಮಗುಂಟು.

ನಮ್ಮಂತಹ ಸಣ್ಣ ಧರ್ಮಕೇಂದ್ರಗಳಿಗೆ ಹೆಚ್ಚು ಹತ್ತಿರದ ಉದಾಹರಣೆ ಮೈಕಲನ ಅಣ್ಣ ಯೋಸೆಫ್ ಹೈಡನನದು. ಸುಮಾರು 1775ರಲ್ಲಿ ಅವನು ಐಸೆನ್‌ಸ್ಟಾಟ್ ಪಟ್ಟಣದಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ಸಂತ ಯೊವಾನ್ನರ ಸೋದರರ ಪುಟ್ಟ ದೇವಾಲಯಕ್ಕಾಗಿ ಒಂದು ಪೂಜಾಗೀತೆಯನ್ನು ರಚಿಸಿದನು. ಅಲ್ಲಿನ ಅಟ್ಟ ಇಕ್ಕಟ್ಟು. ಆದುದರಿಂದ ಎರಡು ಪಿಟೀಲು, ಒಂದು ಮಂದ್ರ, ಚಿಕ್ಕ ಆರ್ಗನ್, ಬೆರಳೆಣಿಕೆಯ ಹಾಡುಗಾರರು, ಇಷ್ಟಕ್ಕೇ ಹೊಂದುವಂತೆ ಬರೆದನು. ಒಂದು ಭಾಗದಲ್ಲಿ ಒಂಟಿ ಕಂಠದ ಜೊತೆ ಆರ್ಗನ್ನಿಗೆ ಸ್ವತಂತ್ರ ಸಂಚಾರವನ್ನು ಕೊಟ್ಟಿದ್ದಾನೆ. ಇರುವಷ್ಟರಲ್ಲೇ ತೃಪ್ತಿಪಟ್ಟು ಬರೆದ ಈ ಕೃತಿ ಅವನ ದೊಡ್ಡ ಪೂಜಾಗೀತೆಗಳಷ್ಟೇ ಜನಪ್ರಿಯವಾಗಿ ಉಳಿದಿದೆ.

ವಾದ್ಯಗಳನ್ನು ಕೂಡಿಸುವುದು ಮನಸ್ಸಿನ ಒಪ್ಪಂದದಿಂದಷ್ಟೇ ಆಗುವ ಕೆಲಸವಲ್ಲ. ಬಿಸಿಲೇರಿ ಗಾಳಿ ಕಾದಂತೆ ಆರ್ಗನ್ ಕೊಳವೆಗಳ ಶ್ರುತಿ ಏರುತ್ತದೆ. ನೂರಾರು ಕೊಳವೆಗಳನ್ನು ಆ ಹೊತ್ತಿಗೆ ತಿದ್ದುವುದು ಅಸಾಧ್ಯ. ಆದುದರಿಂದ ಪಿಟೀಲಿನವನೇ ತಂತಿಯನ್ನು ಬಿಗಿದು ಆರ್ಗನ್ನನ್ನು ಅನುಸರಿಸಬೇಕು. ಬಾಕ್ ಮಹಾಶಯನಿದ್ದ ಲೈಪ್‌ಜಿಗ್ ನಗರದಲ್ಲಿ ದೇವಾಲಯದ ಆರ್ಗನ್ ಇತರ ವಾದ್ಯಗಳಿಗಿಂತ ಒಂದು ಪೂರ್ಣಸ್ವರ ಎತ್ತರದಲ್ಲಿತ್ತು. ಅವನು ಆರ್ಗನ್ ಭಾಗವನ್ನು ಅಷ್ಟು ಕೆಳಗಿಳಿಸಿ ಬೇರೆಯಾಗಿ ಬರೆಸುತ್ತಿದ್ದನು. ಬೇರ್ಪಟ್ಟ ನಮ್ಮ ಸೋದರರಿಂದ ಕಲಿಯಬೇಕಾದ ತಾಳ್ಮೆ ಇದು.

ಮುಂದೆ 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾರ ಹಬ್ಬದ ದಿನವೇ, ಜಗದ್ಗುರು ಸಂತ ಹತ್ತನೆಯ ಭಕ್ತಿನಾಥರು, ಎಂದರೆ ಪಯಸ್ಸರು, ಬಿಗಿಯಾದ ಕಟ್ಟಳೆಗಳನ್ನು ಹೊರಡಿಸಿದರು. ದೇವಾಲಯದೊಳಗೆ ಪಿಯಾನೋ ಸಲ್ಲದು, ನಗಾರಿ, ತಾಳಗಳು ಸಲ್ಲವು, ಬ್ಯಾಂಡ್ ಸಲ್ಲದು. ಹೊರಗಿನ ಮೆರವಣಿಗೆಗೆ ಮಾತ್ರ ಧರ್ಮಾಧ್ಯಕ್ಷರ ಅನುಮತಿಯಿಂದ ಬ್ಯಾಂಡ್ ಬರಬಹುದು. ನಮ್ಮ ಹಬ್ಬದ ತೇರಿನ ಮುಂದೆ ಮೊಳಗುವ ಬ್ಯಾಂಡು ದೇವಾಲಯದ ಹೊಸ್ತಿಲಲ್ಲಿ ಬಾಯಿ ಮುಚ್ಚುವುದನ್ನು ಕಂಡವರಿಗೆ ಈ ಕಟ್ಟಳೆಯ ನೆರಳು ಎಷ್ಟು ಉದ್ದವೆಂಬುದು ತಿಳಿದೀತು. ನಮ್ಮ ಹಿರಿಯರ ಕಳವಳದ ಬೇರೂ ಅಲ್ಲೇ ಇದೆ. ಅದು ಧರ್ಮಸಭೆಯೇ ಕಲಿಸಿದ ಪಾಠವಾದುದರಿಂದ ನಗುವಂತಹುದಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಕೊಳವೆಗಳ ಆರ್ಗನ್ನಿಗೆ ಹಳೆಯ ಗೌರವವನ್ನು ಕಾಯ್ದಿರಿಸಿ, ಪವಿತ್ರ ಬಳಕೆಗೆ ತಕ್ಕ ಇತರ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯಿಂದ ಬಾಗಿಲು ತೆರೆಯಿತು. 1967ರ ಆದೇಶವು ಆಯಾ ಜನರ ಸಂಸ್ಕೃತಿ ಸಂಪ್ರದಾಯಗಳನ್ನು ಗಮನಕ್ಕೆ ತಂದುಕೊಳ್ಳಬೇಕೆಂದಿತು. ಕೇವಲ ಲೌಕಿಕವೆಂದು ಜನರು ಎಣಿಸುವ ವಾದ್ಯಗಳನ್ನು ದೂರವಿಡಬೇಕೆಂದೂ ಅದೇ ಆದೇಶ ಹೇಳಿತು. ಕನ್ನಡನಾಡಿನಲ್ಲಿ ಮೃದಂಗವನ್ನು ಲೌಕಿಕವೆನ್ನುವವರಾರು? ಪಿಟೀಲು ಪರದೇಶಿಯಾದರೂ, 19ನೆಯ ಶತಮಾನದಲ್ಲಿ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ಣಾಟಕ ಸಂಗೀತಕ್ಕೆ ತಂದಂದಿನಿಂದ ನಮ್ಮದೇ ಆಗಿದೆ. ನಮ್ಮ ಅಟ್ಟದ ಹಾರ್ಮೋನಿಯಮ್ಮಿನ ವಂಶವೂ ಇಂತಹುದೇ: 1842ರಲ್ಲಿ ಪ್ಯಾರಿಸ್ಸಿನಲ್ಲಿ ದೆಬೇನ್ ಎಂಬುವನು ಹಕ್ಕು ಪಡೆದ ಈ ವಾದ್ಯ, ಕೊಳವೆಗಳ ಆರ್ಗನ್ ಕೊಳ್ಳಲಾರದ ಬಡ ದೇವಾಲಯಗಳ ಆಸರೆಯಾಯಿತು. ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಅದಕ್ಕೆ ಬಹಿಷ್ಕಾರ ಹಾಕಿತ್ತೆಂಬುದನ್ನು ನೆನೆದರೆ, ವಾದ್ಯಗಳನ್ನು ಹೊರಗಿಟ್ಟ ಅಪವಾದ ಧರ್ಮಸಭೆಗೆ ಮಾತ್ರ ಮೀಸಲಲ್ಲ.

ಪೂಜೆಯ ಹೊರಗೆ ನಡೆಯುವ ಸಂಗೀತ ಸಂಜೆಗಳ ಬಗ್ಗೆ 1987ರ ನವೆಂಬರ್ 5ರಂದು ರೋಮಿನಿಂದ ಒಂದು ಪತ್ರ ಬಂದಿತು. ನಾವು ಗುರುಮಠದಲ್ಲಿ ಅಭ್ಯಾಸ ಮಾಡಿದ ಕಾಲದ ಪತ್ರವಾದುದರಿಂದ ಅದರ ನೆನಪು ನಮಗೆ ಹಸಿರಾಗಿದೆ. ದೇವಾಲಯವು ಕೇವಲ ಸಾರ್ವಜನಿಕ ಸಭಾಂಗಣವಲ್ಲವೆಂದು ಅದು ನೆನಪಿಸುತ್ತದೆ. ಪ್ರವೇಶ ಎಲ್ಲರಿಗೂ ಉಚಿತವಾಗಿರಬೇಕು. ಧರ್ಮಾಧ್ಯಕ್ಷರಿಗೆ ಮೊದಲೇ ಬರೆದು ಅನುಮತಿ ಪಡೆಯಬೇಕು. ವಾದ್ಯಗಾರರು ಪೀಠದ ಆವರಣದಲ್ಲಿ ಕೂರಬಾರದು. ಪರಮಪ್ರಸಾದವನ್ನು ಸಾಧ್ಯವಿದ್ದಷ್ಟು ಪಕ್ಕದ ಪ್ರಾರ್ಥನಾಲಯದಲ್ಲೋ ಮತ್ತೊಂದು ಸುರಕ್ಷಿತ ಸ್ಥಳದಲ್ಲೋ ಇರಿಸಬೇಕು.

ಚಾವಣಿ ದುರಸ್ತಿಯ ನಿಧಿಗಾಗಿ ಟಿಕೆಟ್ ಇಡೋಣವೆಂದು ಸಮಿತಿಯ ಉತ್ಸಾಹಿಗಳು ಸೂಚಿಸಿದ್ದರು. ಚಾವಣಿ ಸೋರುವುದನ್ನು ಅವರಿಗಿಂತ ಹೆಚ್ಚಾಗಿ ಬಲ್ಲವರು ನಾವು. ಆದರೂ ಟಿಕೆಟ್ ಬೇಡವೆಂದೆವು. ಹಿಂಬದಿಯ ಬೆಂಚಿನಲ್ಲಿ ಕೂರುವ ಕೂಲಿಯವನಿಗೂ ಬಾಗಿಲಲ್ಲಿ ಯಾರೂ ಚೀಟಿ ಕೇಳಬಾರದು. ಅನುಮತಿ ದೊರೆತಿದೆ. ಪರಮಪ್ರಸಾದವನ್ನು ಅಂದು ಸಂಜೆ ಪಕ್ಕದ ಪ್ರಾರ್ಥನಾಲಯಕ್ಕೆ ಭಕ್ತಿಯಿಂದ ಒಯ್ಯಲಾಗುವುದು. ವಾದ್ಯಗಾರರು ಪೀಠದ ಮೆಟ್ಟಿಲುಗಳ ಕೆಳಗೆ ಎಡಬದಿಯಲ್ಲಿ ಕೂರುವರು. ಪ್ರಶ್ನೆ ಕೇಳಿದ ಹಿರಿಯರಿಗೆ ಮುಂದಿನ ಸಾಲಿನಲ್ಲಿ ಸ್ಥಳ ಇಟ್ಟಿದ್ದೇವೆ. ಬರುವುದಾಗಿ ಹೇಳಿದ್ದಾರೆ, ಮೃದಂಗದ ಬಗ್ಗೆ ಮಾತ್ರ ಕೇಳಿದ ಮೇಲೆ ಹೇಳುವೆನೆಂದಿದ್ದಾರೆ. ಆರಂಭದಲ್ಲಿ ಪಿಟೀಲಿನವರೂ ಮೃದಂಗದವರೂ ಆರ್ಗನ್ನಿನ ಒಂದೇ ಸ್ವರಕ್ಕೆ ಶ್ರುತಿ ಕೂಡಿಸಲು ಐದಾರು ನಿಮಿಷ ತೆಗೆದುಕೊಳ್ಳುವರು. ಅಷ್ಟು ಹೊತ್ತು ಎಲ್ಲರೂ ದಯವಿಟ್ಟು ಮೌನವಾಗಿರಬೇಕೆಂದು ಕೋರುತ್ತೇವೆ.